ಹೆಸರಿನ ಬಾಲದಲ್ಲೇ ಇದೆ ಕಾಯಿ

ಟೊಮೆಟೊ ಹಣ್ಣೋ ತರಕಾರಿಯೋ ಅಂತ ಮೊಮ್ಮಗಳು ಶಾಲೆಯಿಂದ ಬಂದವಳೇ ಕೇಳಿದಳು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಾನಂತೂ 'ಟೊಮೆಟೊ ಹಣ್ಣು ಹೇಗಪ್ಪಾ ಕಿಲೋ' ಅಂತಲೇ ಕೇಳುವುದು. ಸಸ್ಯಶಾಸ್ತ್ರದ ಮಾತೂ ಅದೇ. ಹೂವಿನ ಅಂಡಾಶಯ ಬಲಿತು ಬೀಜ ಕಟ್ಟಿದರೆ ಅದು ಹಣ್ಣು. ಅಮೆರಿಕದ ಸುಪ್ರೀಂ ಕೋರ್ಟು ಮಾತ್ರ 1893ರಲ್ಲಿ ಆಮದು ಸುಂಕದ ತಕರಾರಿನಲ್ಲಿ ಅದನ್ನು ತರಕಾರಿ ಅಂದಿತು. ತರಕಾರಿ ಎನ್ನುವುದು ಅಡುಗೆಮನೆಯ ಮಾತು, ಗಿಡಕ್ಕೆ ಅದರ ಗೊಡವೆಯಿಲ್ಲ.

ನಮ್ಮ ಕನ್ನಡ ಇದನ್ನು ಹೆಸರಿನ ಬಾಲಕ್ಕೇ ಕಟ್ಟಿದೆ. ಬದನೆಕಾಯಿ, ಹೀರೇಕಾಯಿ, ಬೆಂಡೆಕಾಯಿ, ನುಗ್ಗೆಕಾಯಿ, ಸೌತೆಕಾಯಿ: 'ಕಾಯಿ' ಅಂದರೆ ಮಾಗದ ಹಣ್ಣು, ಅಷ್ಟೆ. ಹಲಸು ಇನ್ನೂ ತಮಾಷೆ, ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು.

ಕಾಯಿ ಅಂತ ಗೊತ್ತಾದರೆ ಇಡುವುದೂ ಗೊತ್ತಾಗುತ್ತದೆ. ಒಂದು ಸಲ ಮಾಗುತ್ತಿದ್ದ ಬಾಳೆಗೊನೆಯ ಕೆಳಗೇ ಸೌತೆಕಾಯಿ ಬುಟ್ಟಿ ಇಟ್ಟು ನೆಂಟರ ಮನೆಗೆ ಹೋಗಿದ್ದೆ. ಬಂದು ನೋಡಿದರೆ ಎಲ್ಲಾ ಹಳದಿ, ಬೆರಳು ಒತ್ತಿದರೆ ಒಳಗೆ ಇಳಿಯುತ್ತಿತ್ತು. ಮಾಗುವ ಬಾಳೆಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ಪಕ್ಕದವುಗಳನ್ನೂ ಹಣ್ಣು ಮಾಡುತ್ತದೆ. ಸೊಪ್ಪನ್ನೂ ಅದರ ಹತ್ತಿರ ಇಡಬೇಡಿ. ತೋಟದಿಂದ ಕಿತ್ತ ಗಟ್ಟಿ ಬೆಣ್ಣೆಹಣ್ಣಿಗೆ ಮಾತ್ರ ಇದೇ ಉಪಾಯ: ಒಂದು ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ. ನಮ್ಮ ಕಿತ್ತಳೆಗೆ ಇದು ನಡೆಯುವುದಿಲ್ಲ. ಮರದಿಂದ ಬಿಟ್ಟ ಮೇಲೆ ಅದು ಸಿಹಿಯಾಗದು. ಕೈಯಲ್ಲಿ ತೂಗಿ ನೋಡಿ, ಭಾರವಾದದ್ದನ್ನು ಆರಿಸಿ.

ಇನ್ನು ಮಣ್ಣೊಳಗಿನವು. ಆಲೂಗಡ್ಡೆ, ಶುಂಠಿ ಕಾಂಡ. ಗೆಣಸು, ಕ್ಯಾರೆಟ್ ಬೇರು. ಆಲೂಗಡ್ಡೆಯ ಕಣ್ಣುಗಳು ಮೊಗ್ಗುಗಳೇ, ಬೆಳಕು ಬಿದ್ದರೆ ಅದು ಹಸಿರಾಗಿ ಕಹಿಯಾಗುತ್ತದೆ. ಅಂಥದ್ದನ್ನು ಎಸೆದುಬಿಡಿ. ಕತ್ತಲಲ್ಲಿ, ಗಾಳಿಯಾಡುವ ಬುಟ್ಟಿಯಲ್ಲಿಡಿ.

ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೆಸು ಚಿಗುರುತ್ತದಲ್ಲ, ಅದರ ಎಲೆ, ದಂಟು, ಗೆಡ್ಡೆ ಮೂರರಲ್ಲೂ ಸೂಜಿಯಂಥ ಹರಳುಗಳಿವೆ. ಗಂಟಲು ಕೆರೆಯುವುದು ಅದರಿಂದಲೇ. ಕೈಗೆ ಎಣ್ಣೆ ಹಚ್ಚಿ ಹೆಚ್ಚಿ, ಚೆನ್ನಾಗಿ ಬೇಯಿಸಿ, ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ. ಆ ಕಾಚಂಪುಳಿಯೂ ಹಣ್ಣಿನ ರಸ ಬತ್ತಿಸಿದ್ದೇ.

'ಬಿದಿರ ಕಣಿಲೆ ಯಾವುದಜ್ಜಿ?' ಅಂದಳು. ಎಳೆ ಕಾಂಡ, ಮಗಾ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಆದ ಮೇಲೆ ಕುದಿಸಿ. ಆ ನೀರನ್ನು ಸಾರಿಗೆ ಹಾಕಬೇಡಿ, ಚೆಲ್ಲಿ.