ಹಿತ್ತಲ ಬಾಗಿಲು ತೆಗೆಯುವ ಮುಂಚೆ

ನಮ್ಮ ಹಿತ್ತಲ ಬಾಗಿಲ ಪಕ್ಕ ಒಂದು ಬಿದಿರಿನ ಕೋಲು, ಒಂದು ಟಾರ್ಚು, ಒಂದು ಜೊತೆ ಗಮ್ ಬೂಟು ಯಾವಾಗಲೂ ಇರುತ್ತವೆ. ಕೋಲು ಇರುವುದು ಹೊಡೆಯೋಕೆ ಅಲ್ಲ, ನೆಲ ಕುಟ್ಟಿ ಸದ್ದು ಮಾಡೋಕೆ. ತೀರ್ಥಹಳ್ಳಿ ಕಡೆಯ ಈ ಅಡಿಕೆ ತೋಟದ ಮನೆಗೆ ನಾನು ಸೊಸೆಯಾಗಿ ಬಂದು 28 ವರ್ಷ ಆಯಿತು. ಹಿತ್ತಲು ದಾಟಿದರೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಕಾಡು. ನನ್ನ ನಾದಿನಿಯ ಮಗಳು ಬೆಂಗಳೂರು ಬಿಟ್ಟು ಊರಲ್ಲಿ ಮನೆ ಕಟ್ಟಿದಾಗ, "ಅತ್ತೆ, ಹಾವು ಗೀವು ಬಂದರೆ ಏನು ಮಾಡೋದು?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಾವಿನ ವಿಷಯ ಶುರುವಾಗುವುದು ಸೌದೆ ಕೊಟ್ಟಿಗೆಯಲ್ಲಿ. ಸೌದೆಯನ್ನು ನೆಲಕ್ಕೆ ತಾಗಿಸಿ ಒಟ್ಟಬೇಡಿ. ಕೆಳಗೆ ಕಲ್ಲಿಟ್ಟು, ಎರಡು ಅಡಕೆ ದಬ್ಬೆ (ಸೀಳಿದ ಅಡಕೆ ಮರ) ಹಾಕಿ, ಅದರ ಮೇಲೆ ಒಟ್ಟಿ. ಅಡಿಯಲ್ಲಿ ಟಾರ್ಚ್ ಬೆಳಕು ಹಾಯುವಷ್ಟು ಜಾಗ ಇರಲಿ. ಬಚ್ಚಲ ಒಲೆಗೆ ಸೌದೆ ತರುವಾಗ ಮೊದಲು ಕೋಲಿನಿಂದ ಕುಟ್ಟಿ, ಆಮೇಲೆ ಕೈ ಹಾಕಿ. ಕೋಳಿ ಕಾಳು, ಹಿಂಡಿ ಚೆಲ್ಲಿದ್ದರೆ ಇಲಿ ಬರುತ್ತದೆ, ಇಲಿ ಹಿಂದೆ ಕೇರೆ ಹಾವು ಬರುತ್ತದೆ. ಕೇರೆ ಹಾವಿನ ಹಿಂದೆ ನಮ್ಮ ಕಡೆ ಕಾಳಿಂಗ ಬರುತ್ತದೆ. ಅದರ ಊಟವೇ ಹಾವು, ಅಲ್ವಾ?

ಒಂದು ಏಪ್ರಿಲ್‌ನಲ್ಲಿ ಹಾಗೇ ಆಯಿತು. ಮಧ್ಯಾಹ್ನ ಕೊಟ್ಟಿಗೆಯಲ್ಲಿ ದನ ಒಂದೇ ಸಮ ಕೂಗಿತು. ಹೋಗಿ ನೋಡಿದರೆ ಹತ್ತಡಿಗೂ ಜಾಸ್ತಿ ಉದ್ದದ ಕಾಳಿಂಗ, ಬಾಯಲ್ಲಿ ಕೇರೆ ಹಾವು. ನನ್ನ ಕೈಕಾಲು ತಣ್ಣಗಾಯಿತು. ನಮ್ಮ ಅತ್ತೆ ಹಿಂದಿನಿಂದ ಬಂದು, "ಸುಮ್ನೆ ಹಿಂದಕ್ಕೆ ಬಾ. ಅದರ ಕೆಲಸ ಮುಗಿಸಿ ಹೋಗುತ್ತೆ" ಅಂದರು. ದನಗಳನ್ನು ಆ ಕಡೆ ಬಾಗಿಲಿಂದ ಬಿಚ್ಚಿ ಹೊಡೆದೆವು, ನಾಯಿಯನ್ನು ಒಳಗೆ ಕಟ್ಟಿದೆವು, ಜಗಲಿಯಲ್ಲಿ ಕೂತೆವು. ಸಂಜೆ ಹೊತ್ತಿಗೆ ಅದು ತೋಟದ ಅಂಚಿನಿಂದ ಇಳಿದು ಹೋಯಿತು. ಅವತ್ತಿನಿಂದ ನನಗೆ ಗೊತ್ತಾದದ್ದು ಇಷ್ಟೇ: ಹಾವಿಗೆ ಹೋಗಲು ದಾರಿ ಕಾಣಬೇಕು, ಆ ದಾರಿಯಲ್ಲಿ ನಾವು ನಿಂತಿರಬಾರದು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಎಂದು ಗುರುತಿಸಿ, ವೈಜ್ಞಾನಿಕ ಹೆಸರಿಗೂ 'ಕಾಳಿಂಗ' ಎಂಬ ನಮ್ಮ ಮಾತನ್ನೇ ಇಟ್ಟರು. ಕೇಳಿ ತುಂಬಾ ಖುಷಿಯಾಯಿತು.

ಹಾವು ಮನೆಯೊಳಗೇ ಬಂದರೆ ಬೇರೆ ಮಾತು. ಕೋಣೆಯ ಬಾಗಿಲು ಹಾಕಿ, ಬಾಗಿಲ ಸಂದಿಗೆ ಗೋಣಿ ತುರುಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಒಬ್ಬರು ದೂರದಿಂದ ಕಣ್ಣಿಟ್ಟಿರಲಿ. ಬಾಲ ಹಿಡಿದು ವಿಡಿಯೊ ಮಾಡಿಸಿಕೊಳ್ಳುವವರನ್ನು ಮಾತ್ರ ಕರೆಸಬೇಡಿ. ಹಾಗೆ ಬಂದ ಹುಡುಗನೊಬ್ಬನನ್ನು ನಾನು ಕೈಮುಗಿದು ವಾಪಸ್ ಕಳಿಸಿದ್ದೇನೆ. ಅವನಿಗೂ ತಾಯಿ ಇದ್ದಾಳಲ್ಲ.

ಕಚ್ಚಿದರೆ? ಬಳೆ, ಉಂಗುರ, ಕಾಲುಂಗುರ ಕೂಡಲೇ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ, ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ, ಕಚ್ಚಿಸಿಕೊಂಡವರನ್ನು ನಡೆಸದೆ ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವೇ ಇಲ್ಲದೆ ಹೋಗಬಹುದು, ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದು ಅಂದರೆ ಗ್ಯಾಸ್ ಅಂತ ಜೀರಿಗೆ ಕಷಾಯ ಕೊಟ್ಟು ಕೂರಬೇಡಿ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಸಿಗುವ ವಿಷದ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕೂ ತೋಟದ ಗುಳಿಮಂಡಲಕ್ಕೂ ಅದರಲ್ಲಿ ಮದ್ದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ಉಸಿರು, ಮೂತ್ರಪಿಂಡ, ರಕ್ತ ನೋಡಿಕೊಳ್ಳುವವರು ಅಲ್ಲೇ ಇರುವುದು. ನಮ್ಮ ಕೆಲಸದವರೊಬ್ಬರಿಗೆ ಕಚ್ಚಿದಾಗ ಮೊದಲು ಹೋದ ಕಡೆ ಮದ್ದೇ ಇರಲಿಲ್ಲ. ಅಲ್ಲಿಂದ ಇನ್ನೊಂದು ಊರಿಗೆ ಓಡಿದೆವು. ಅವರು ಉಳಿದರು. ಆದರೆ ಆ ದಾರಿಯನ್ನು ನಾನು ಮರೆತಿಲ್ಲ. ಮಳೆಗಾಲಕ್ಕೆ ಮುಂಚೆಯೇ ಯಾವ ಆಸ್ಪತ್ರೆಯಲ್ಲಿ ಮದ್ದಿದೆ ಎಂದು ಕೇಳಿಟ್ಟುಕೊಳ್ಳಿ.

ಕಾಟಿಯ, ಅಂದರೆ ಕಾಡುಕೋಣದ, ಮಾತು ಬೇರೆ. ಮೈ ಗಾತ್ರ ನೋಡಿದರೆ ಎದೆ ಹಾರುತ್ತದೆ, ಗಂಡು ಕಾಟಿ ಒಂದು ಟನ್‌ವರೆಗೂ ತೂಗಬಲ್ಲದು. ಆದರೆ ಅದು ಬರುವುದು ಹುಲ್ಲಿಗೆ, ಬಾಳೆಗೆ. ಅಪಾಯ ಇರುವುದು ಮಂಜು ಮುಸುಕಿದ ಬೆಳಿಗ್ಗೆ ಎದುರಾಎದುರು ಸಿಕ್ಕಾಗ. ಅದಕ್ಕೇ ತೋಟಕ್ಕೆ ಇಳಿಯುವಾಗ ನಮ್ಮ ಯಜಮಾನರು ಜೋರಾಗಿ ಕೆಮ್ಮುತ್ತಾ ಹೋಗುತ್ತಾರೆ. ನಾಯಿಯನ್ನು ಜೊತೆಗೆ ಬಿಡಬೇಡಿ. ನಾಯಿ ಬೊಗಳಿ ಅದನ್ನು ಕೆಣಕುತ್ತದೆ, ಆಮೇಲೆ ಓಡಿ ಬರುವುದು ನಿಮ್ಮ ಕಾಲ ಬುಡಕ್ಕೇ, ಹಿಂದೆ ಕಾಟಿ. ಎದುರಾದರೆ ಬೆನ್ನು ಹಾಕದೆ ಮೆಲ್ಲಗೆ ಪಕ್ಕಕ್ಕೆ ಸರಿದು ದೊಡ್ಡ ಮರದ ಮರೆಗೆ ಹೋಗಿ.

ಚಿರತೆ ಬರುವುದು ಹೆಚ್ಚಾಗಿ ನಾಯಿಗೆ. ರಾತ್ರಿ ನಾಯಿಯನ್ನು ಒಳಗೆ ಹಾಕಿ, ಕೋಳಿಗೂಡಿನ ಬಾಗಿಲು ಭದ್ರ ಮಾಡಿ. ಸಂಜೆಯಾದ ಮೇಲೆ ಮಕ್ಕಳನ್ನು ಒಬ್ಬರೇ ಹಿತ್ತಲಿಗೆ ಬಿಡಬೇಡಿ.

ಹಂದಿಗೆ ಉರುಳು ಹಾಕಬೇಡಿ, ಬೇಲಿಗೆ ಮನೆಯ ಕರೆಂಟು ಕೊಡಲೇಬೇಡಿ. ಉರುಳಿಗೆ ಚಿರತೆಯೂ ಬೀಳುತ್ತದೆ. ಕರೆಂಟಿಗೆ ಬೆಳಗ್ಗೆ ಹಾಲು ತರಲು ಬಂದ ನೆರೆಯವರೇ ಬೀಳಬಹುದು. ಎರಡೂ ಕಾನೂನಿನ ಪ್ರಕಾರ ತಪ್ಪು.

ಕೊನೆಗೆ ಮಂಗ. ಬದುಕಿರುವ ಮಂಗಕ್ಕಿಂತ ಸತ್ತು ಬಿದ್ದ ಮಂಗಕ್ಕೆ ನಾನು ಹೆಚ್ಚು ಹೆದರುತ್ತೇನೆ. ಮಂಗನ ಕಾಯಿಲೆ ಮೊದಲು ಕಂಡಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡುವುದು ಉಣ್ಣೆಯಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳದಿಂದ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆ ಸುತ್ತಲಿನ ನೆಲಕ್ಕೆ ಇಳಿಯುತ್ತದೆ. ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಆ ಜಾಗದ ದರಗು (ಒಣಗಿದ ಎಲೆ) ಗುಡಿಸಬೇಡಿ, ದನ ಬಿಡಬೇಡಿ. ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಬೆಟ್ಟಕ್ಕೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ, ಉಣ್ಣೆ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ಉಣ್ಣೆ ಕಚ್ಚಿದೆಯಾ ಎಂದು ನೋಡಿ. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ "ಬೆಟ್ಟಕ್ಕೆ ಹೋಗಿದ್ದೆ" ಎಂದು ನೀವೇ ಬಾಯಿಬಿಟ್ಟು ಹೇಳಿ.

1926, 108, ಆರೋಗ್ಯ ಕೇಂದ್ರದ ನಂಬರು, ಜೀಪಿರುವ ಇಬ್ಬರು ನೆರೆಯವರ ನಂಬರು. ಇವನ್ನು ನಾನು ಬಚ್ಚಲ ಗೋಡೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಸತ್ತರೂ ಗೋಡೆ ಇರುತ್ತದೆ, ಪಕ್ಕದ ಮನೆಯ ಫೋನಿಂದ ಮಾಡಬಹುದು.