ಹಂದಿಯ ಜೊಲ್ಲಿನಲ್ಲಿ ಕಾರ್ಟಿಸೋಲ್: ನನ್ನ ಅನುಭವ

ಕೆಟ್ಟರೆ ಹಂದಿಗೆ ಒತ್ತಡ ತಾಳಲಾಗದಂತೆ ಮಾಡುವ ಹ್ಯಾಲೋಥೇನ್ ಜೀನಿನ ಎರಡೂ ಪ್ರತಿಗಳು ಕೆಟ್ಟಿರುವ ಹಂದಿಯಲ್ಲಿ, ಒತ್ತಡದ ಹಾರ್ಮೋನಾದ ಕಾರ್ಟಿಸೋಲನ್ನು ತಯಾರಿಸುವ ಅಡ್ರಿನಲ್ ಗ್ರಂಥಿಯೇ ಸೋತಿರುತ್ತದೆ, ಆದ್ದರಿಂದ ಅದು ಲಾರಿ ಹತ್ತಿಸುವಾಗ ಕುಸಿಯುತ್ತದೆ ಎಂಬ ಮಾತನ್ನು ನಮ್ಮ ಕಡೆಯ ಸಾಕಣೆದಾರರಿಂದಲೂ ಕೆಲವು ಪಶುವೈದ್ಯ ಮಿತ್ರರಿಂದಲೂ ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ. ಕುಸಿತಕ್ಕೆ ಕಾರಣ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹತೋಟಿ ತಪ್ಪುವುದು ಎಂಬುದು 1991ರಲ್ಲಿ ಆರ್‌ವೈಆರ್1 (ಹ್ಯಾಲೋಥೇನ್ ಜೀನಿನದೇ ಇನ್ನೊಂದು ಹೆಸರು) ಜೀನಿನ ದೋಷ ಪತ್ತೆಯಾದಾಗಲೇ ಇತ್ಯರ್ಥವಾಗಿದೆ. ಗ್ರಂಥಿಯ ಮೇಲಿನ ಆರೋಪ ಮಾತ್ರ ಹಾಗೆಯೇ ಉಳಿದಿತ್ತು. ಕಾಸರಗೋಡು ಜಿಲ್ಲೆಯ ಎಣ್ಮಕಜೆಯಲ್ಲಿರುವ ನನ್ನ ಹಂದಿಗೂಡಿನಲ್ಲೇ ಜೊಲ್ಲು ಸಂಗ್ರಹಿಸಿ ಇದನ್ನು ಪರೀಕ್ಷಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು.

ರಕ್ತದಿಂದ ಇದು ಸಾಧ್ಯವಿಲ್ಲ ಎಂಬುದು ನನಗೆ ಖರ್ಚಿನ ದಾರಿಯಲ್ಲೇ ತಿಳಿಯಿತು. ಮೇಲ್ದವಡೆಗೆ ಕುಣಿಕೆ ಹಾಕಿ ಕುತ್ತಿಗೆಯ ರಕ್ತನಾಳ ಹುಡುಕುವಷ್ಟರಲ್ಲಿ ಹಂದಿ ಕಿರುಚಾಡಿ ಸುಸ್ತಾಗಿರುತ್ತದೆ. ಮೂರು ನಿಮಿಷದೊಳಗೆ ಮೊದಲ ಮಾದರಿ ಸಿಕ್ಕಿದರೂ ಮುಂದಿನ ಮಾದರಿಗಳಲ್ಲಿ ಕಾಣುವುದು ಕುಣಿಕೆಯ ಒತ್ತಡವೇ ಹೊರತು ನಾವು ಅಳೆಯಬೇಕೆಂದಿದ್ದ ಒತ್ತಡವಲ್ಲ. ಒಂದು ಮೇ ತಿಂಗಳ ಸೆಖೆಯಲ್ಲಿ ಸುಮಾರು 90 ಕಿಲೋದ ಲ್ಯಾಂಡ್‌ರೇಸ್ ಮಿಶ್ರತಳಿಯ ಗಂಡೊಂದು ಕುಣಿಕೆಯಲ್ಲಿರುವಾಗಲೇ ಕೊರಡಿನಂತೆ ಸೆಟೆದು ನಿಂತಿತು. ಚರ್ಮದ ಮೇಲೆ ಕೆಂಪು, ನೀಲಿ ಪಟ್ಟೆಗಳೆದ್ದವು, ಜ್ವರ 42 ಡಿಗ್ರಿ ದಾಟಿತು, ತಣ್ಣೀರು ಸುರಿಯುತ್ತಿದ್ದಂತೆ ಪ್ರಾಣ ಹೋಯಿತು. ಹದಿನೈದು ಹದಿನಾರು ಸಾವಿರ ರೂಪಾಯಿ ಆ ಒಂದು ಸಿರಿಂಜಿನ ಲೆಕ್ಕಕ್ಕೆ ಸೇರಿತು.

ಲ್ಯಾಬುಗಳ ಕಥೆ ಬೇರೆ. ಕಾರ್ಟಿಸೋಲ್ ಅಣು ಮನುಷ್ಯನಲ್ಲೂ ಹಂದಿಯಲ್ಲೂ ಒಂದೇ ಆದ್ದರಿಂದ ಮನುಷ್ಯರ ಕಿಟ್ ಧಾರಾಳವಾಗಿ ನಡೆಯುತ್ತದೆ. ಆದರೆ ಮಂಗಳೂರಿನ ಒಂದು ಲ್ಯಾಬಿನವರು ಹಂದಿಯ ಮಾದರಿಯನ್ನು ಯಂತ್ರಕ್ಕೆ ಹಾಕುವುದಿಲ್ಲ ಎಂದರು, ಇನ್ನೊಂದು ಕಡೆಯವರು ಹಾಕಿ, ಅರ್ಧಕ್ಕರ್ಧ ಮಾದರಿಗಳಿಗೆ ‘ಅಳತೆಗೆ ಸಿಗದಷ್ಟು ಕಡಿಮೆ’ ಎಂದು ಬರೆದುಕೊಟ್ಟರು. ಜೊಲ್ಲಿನಲ್ಲಿರುವುದು ರಕ್ತದ ಮಟ್ಟದ ಹತ್ತನೇ ಒಂದು ಪಾಲಿನಷ್ಟು ಮಾತ್ರ, ರಕ್ತಕ್ಕೆ ಹೊಂದಿಸಿದ ಯಂತ್ರಕ್ಕೆ ಅದು ನಿಲುಕುವುದಿಲ್ಲ. ಕೊನೆಗೆ ಜೊಲ್ಲಿಗೆಂದೇ ಇರುವ ಎಲೈಸಾ (ಪ್ರತಿಕಾಯಗಳ ನೆರವಿನಿಂದ ಅಳೆಯುವ ವಿಧಾನ) ಕಿಟ್ ತರಿಸಿದೆ. 96 ಕುಳಿಗಳ ತಟ್ಟೆಯಲ್ಲಿ ಹೋಲಿಕೆಗೆಂದು ಹಾಕುವ ಮಾನಕಗಳನ್ನು ಕಳೆದು, ಪ್ರತಿ ಮಾದರಿಯನ್ನು ಎರಡೆರಡು ಸಲ ಹಾಕಿದರೆ 40ರ ಆಸುಪಾಸು ಮಾದರಿಗಳಷ್ಟೇ ಹಿಡಿಸುತ್ತವೆ. ಕಿಟ್ಟಿಗೆ ಮೂವತ್ತು ಸಾವಿರದ ಮೇಲಾದ್ದರಿಂದ ಮಾದರಿಯೊಂದಕ್ಕೆ 800 ರೂಪಾಯಿ ಬಿದ್ದಿತು. ತಟ್ಟೆ ಓದುವ ಯಂತ್ರವಿದ್ದ ಸ್ನೇಹಿತರೊಬ್ಬರು ಹಣ ತೆಗೆದುಕೊಳ್ಳಲಿಲ್ಲ, ತಲಪಾಡಿ ದಾಟಿ ಮಂಜುಗಡ್ಡೆಯ ಥರ್ಮೋಕೋಲ್ ಪೆಟ್ಟಿಗೆ ಹೊತ್ತ ಬಸ್ ಖರ್ಚು ಮಾತ್ರ ನನ್ನದು.

ಸಂಗ್ರಹಿಸುವ ಕೆಲಸ ಸುಲಭ. ಹತ್ತಿಯ ಉರುಳೆಯನ್ನು ದಾರದಲ್ಲಿ ಕಟ್ಟಿ ಗೂಡಿನ ಸರಳಿಗೆ ತೂಗುಬಿಟ್ಟರೆ ಹಂದಿ ತಾನೇ ಬಂದು ಅಗಿಯುತ್ತದೆ, ಒಂದು ನಿಮಿಷದಲ್ಲಿ ಹತ್ತಿ ತೊಯ್ದು ಭಾರವಾಗುತ್ತದೆ. ತಿಂಡಿ ಹಾಕುವ ಮುನ್ನವೇ, ದಿನವೂ ಒಂದೇ ಹೊತ್ತಿಗೆ ತೆಗೆಯಬೇಕು, ಏಕೆಂದರೆ ಬೆಳಗಿನ ಮಟ್ಟ ಸಂಜೆಯದಕ್ಕಿಂತ ಹೆಚ್ಚಿರುತ್ತದೆ. ಒಸಡಿನ ರಕ್ತ ತಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಹತ್ತಿಯನ್ನು ಹಿಂಡದೆ ಎಸೆಯಬೇಕು. ಹಿಂಜರಿಯುವ ಹಂದಿಗಳಿಗಾಗಿ ಹತ್ತಿಯನ್ನು ಪುನರ್ಪುಳಿ ನೀರಿನಲ್ಲಿ ಅದ್ದಿ ನೋಡಿದೆ. ಜೊಲ್ಲು ಧಾರೆಯಾಗಿ ಇಳಿಯಿತು, ಆದರೆ ಹುಳಿಯಿಂದ ಎಲೈಸಾದ ಪ್ರತಿಕ್ರಿಯೆಯೇ ಕೆಟ್ಟು ಎಲ್ಲ ಅಂಕಿಗಳೂ ನಂಬಲಾಗದಷ್ಟು ಮೇಲೇರಿದವು. ಈಗ ಹಚ್ಚುವ ವಸ್ತು ಬೇರೆ. ಅದನ್ನೂ ಹತ್ತಿಗೆ ದಾರ ಕಟ್ಟುವ ಗಂಟನ್ನೂ ಇಲ್ಲಿ ಬರೆಯುವುದಿಲ್ಲ, ನಮ್ಮ ಗೂಡಿಗೆ ಬಂದವರಿಗೆ ತೋರಿಸುತ್ತೇನೆ.

ಕೂದಲ ಬೇರಿನಿಂದ ಜೀನ್ ಪರೀಕ್ಷೆ ಮಾಡಿಸಿ, ಎಚ್‌ಎಚ್‌ಎ-1 ಎಂಬ ಡಿಎನ್ಎ ಕತ್ತರಿಸುವ ಕಿಣ್ವ ಕತ್ತರಿಸದೆ ಬಿಟ್ಟ ದೋಷವುಳ್ಳ ಹಂದಿಗಳನ್ನೂ ಪೂರ್ಣ ಕತ್ತರಿಸಿದ ಸಾಮಾನ್ಯ ಹಂದಿಗಳನ್ನೂ ಬೇರೆ ಮಾಡಿಟ್ಟು, ಎರಡೂ ಗುಂಪುಗಳನ್ನು ಅಪರಿಚಿತ ಹಂದಿಗಳೊಡನೆ ಕೂಡಿಸಿ ಲಾರಿಯ ಹಲಗೆ ಹತ್ತಿಸಿ ಇಳಿಸಿದೆ. ಇಪ್ಪತ್ತು ನಿಮಿಷದ ಮಾದರಿಯಲ್ಲಿ ಎರಡೂ ಗುಂಪುಗಳ ಕಾರ್ಟಿಸೋಲ್ ಹೆಚ್ಚುಕಡಿಮೆ ನಾಲ್ಕು ಪಟ್ಟು ಏರಿತ್ತು. ಒಂದು ಗಂಟೆಯಾದಾಗ ಸಾಮಾನ್ಯ ಹಂದಿಗಳಲ್ಲಿ ಅದು ಇನ್ನೂ ಎರಡು ಪಟ್ಟು ಇದ್ದರೆ, ದೋಷವುಳ್ಳವುಗಳಲ್ಲಿ ಮೊದಲಿನ ಮಟ್ಟದ ಹತ್ತಿರಕ್ಕೆ ಇಳಿದಿತ್ತು. ಅನುಮಾನ ಪರಿಹಾರಕ್ಕೆ ಕೆಲವಕ್ಕೆ ಎಸಿಟಿಎಚ್ (ಅಡ್ರಿನಲ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನು) ಚುಚ್ಚಿ ನೋಡಿದಾಗಲೂ ಗ್ರಂಥಿ ಎರಡರಲ್ಲೂ ಚುರುಕಾಗಿಯೇ ಸ್ಪಂದಿಸಿತು. ಹಾಗಾಗಿ ತಯಾರಿಕೆಯಲ್ಲಿ ಕೊರತೆಯಿಲ್ಲ, ತಯಾರಾದದ್ದು ಬೇಗ ಖಾಲಿಯಾಗುತ್ತದೆ ಎಂಬುದೇ ನನ್ನ ತೀರ್ಮಾನ. ಒತ್ತಡ ತಾಳದ ಹಂದಿಗಳು ಕಾರ್ಟಿಸೋಲನ್ನು ರಕ್ತದಿಂದ ಶೀಘ್ರವಾಗಿ ಹೊರಹಾಕುತ್ತವೆ ಎಂದು ಅಮೆರಿಕದಲ್ಲಿ 1973ರಷ್ಟು ಹಿಂದೆಯೇ ವರದಿಯಾಗಿತ್ತು. ಗಂಟೆ ಕಳೆದ ಮೇಲೆ ತೆಗೆದ ಒಂಟಿ ಮಾದರಿಯನ್ನು ನೋಡಿ ಗ್ರಂಥಿ ಸೋತಿದೆ ಎಂದವರು ನೋಡಿದ್ದು ಇಳಿದ ಮೇಲಿನ ಅಂಕಿಯನ್ನು. ನನ್ನ ಹಂದಿಗಳ ಸಂಖ್ಯೆ ಸಣ್ಣದು, ನಿಜ, ಆದರೆ ಮಳೆಗಾಲದಲ್ಲಿ ಪುನಃ ಮಾಡಿದಾಗಲೂ ಇಳಿಕೆಯ ರೀತಿ ಬದಲಾಗಲಿಲ್ಲ.

ಬೆನ್ನಿನ ಕೂದಲು ಬೋಳಿಸಿ ಅದರಲ್ಲಿ ತಿಂಗಳುಗಟ್ಟಲೆಯ ಕಾರ್ಟಿಸೋಲ್ ಅಳೆಯುವ ಇನ್ನೊಂದು ಪ್ರಯತ್ನಕ್ಕೂ ಕೈಹಾಕಿದ್ದೆ. ಗೂಡಿನ ಸೆಗಣಿ, ಮೂತ್ರ ಮೆತ್ತಿದ ಕೂದಲನ್ನು ತೊಳೆದು ಪುಡಿಮಾಡುವುದರಲ್ಲೇ ಮೆಥನಾಲ್ ಖರ್ಚು ಮಿತಿಮೀರಿದ್ದರಿಂದ ಅದನ್ನು ಬದಿಗಿಟ್ಟಿದ್ದೇನೆ.

ಲಾರಿಯ ವಿಷಯದಲ್ಲಿ ಮಾತ್ರ ಈ ಅಂಕಿಗಳು ದುಡ್ಡು ಉಳಿಸಿವೆ. ಒಂದು ಗಂಟೆ ಸುಮ್ಮನಿದ್ದ ಹಂದಿ ಸುಧಾರಿಸಿಕೊಂಡಿದೆ ಎಂದು ಕಾರ್ಟಿಸೋಲ್ ನೋಡಿ ನಂಬುವುದನ್ನು ಬಿಟ್ಟು ಗುದದ್ವಾರದ ಉಷ್ಣತೆ ನೋಡುತ್ತೇವೆ, ನಸುಕಿನ ನಾಲ್ಕಕ್ಕೇ ತುಂಬಿಸುತ್ತೇವೆ, ಬೇರೆ ಬೇರೆ ಗೂಡಿನವನ್ನು ಬೆರೆಸುವುದಿಲ್ಲ. ಕಳೆದ ಬೇಸಿಗೆಯಿಂದೀಚೆಗೆ ದಾರಿಯಲ್ಲಿ ಸತ್ತದ್ದು ಒಂದೇ ಹಂದಿ, ಅದೂ ಜೀನ್ ಪರೀಕ್ಷೆಯಿಲ್ಲದೆ ಹೊರಗಿನಿಂದ ಕೊಂಡು ತಂದದ್ದು.