ನಮ್ಮ ಆಮೆಗೆ ಸೊಪ್ಪು ತಿನ್ನಿಸಿದ್ದು ಹೀಗೆ

ಒಣ ಸಿಗಡಿ ಬಿಟ್ಟು ಬೇರೇನೂ ಮುಟ್ಟದ ನಮ್ಮ ರೆಡ್ ಇಯರ್ಡ್ ಸ್ಲೈಡರ್ ಆಮೆಯ ಕಣ್ಣು ಊದಿತ್ತು, ಚಿಪ್ಪು ಒತ್ತಿದರೆ ಮೆತ್ತಗಿತ್ತು. ಎ ಜೀವಸತ್ವ, ಕ್ಯಾಲ್ಸಿಯಂ ಎರಡೂ ಕಡಿಮೆ ಎಂದರು ಕಾರವಾರದ ಪಶುವೈದ್ಯರು. ಔಷಧಿ ಕೊಟ್ಟರು. ಊಟ ಸರಿಮಾಡುವ ಕೆಲಸ ನಮ್ಮ ಪಾಲಿಗೆ ಬಂತು.

ಸೊಪ್ಪು ಹಾಕಿದರೆ ಮೂಸಿಯೂ ನೋಡದು. ಕೊನೆಗೆ ನುಗ್ಗೆಸೊಪ್ಪು, ತುರಿದ ಕ್ಯಾರೆಟ್ಟನ್ನು ಸಿಗಡಿ ನೆನೆಸಿದ ನೀರಲ್ಲಿ ಅದ್ದಿ ಹಾಕಿದೆ. ವಾಸನೆಗೆ ಮರುಳಾಗಿ ಬಾಯಿ ಹಾಕಿತು! ಉಪ್ಪು ಹಾಕದ ಸಿಗಡಿಯೇ ಆಗಬೇಕು. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ.

ಕ್ಯಾಲ್ಸಿಯಂಗೆಂದು, ಕಡಲತೀರದಲ್ಲಿ ಸಿಗುವ ಕಪ್ಪೆ ಬೊಂಡಾಸದ (ಕಟಲ್‌ಫಿಶ್) ಬಿಳಿ ಚಿಪ್ಪನ್ನು ಸಿಹಿನೀರಲ್ಲಿ ನೆನೆಸಿ, ಒಣಗಿಸಿ ತೊಟ್ಟಿಗೆ ಹಾಕಿದೆ. ಕಡಿಯುತ್ತಿದೆ. ಬಿಸಿಲು ಅಂಗಳದ್ದೇ ಬೇಕು, ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಬಿಸಿಲಿನ ಯುವಿ-ಬಿ ಕಿರಣವನ್ನು ಕಿಟಕಿ ಗಾಜು ತಡೆಯುತ್ತದೆ.

ಈಗ ಚಿಪ್ಪು ಗಟ್ಟಿಯಾಗುತ್ತಿದೆ. ನಕ್ಷತ್ರ ಆಮೆಯ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಸಾಕುವುದೇ ಅಪರಾಧ.